ಪಿಂಗ್ ಬರುತ್ತಿತ್ತು, ಡಿಸ್ಕ್ ಬರುತ್ತಿರಲಿಲ್ಲ: ಒಂದು ಬಿಲ್ಲಿಂಗ್ ಡೇಟಾಬೇಸ್ ಎಬ್ಬಿಸಿದ ಪ್ರಕರಣ

ಹುಬ್ಬಳ್ಳಿಯಲ್ಲಿ ಒಂದು ಔಷಧ ಸಗಟು ಮಳಿಗೆ. ಸುತ್ತಲಿನ ಊರುಗಳ ಮೆಡಿಕಲ್ ಶಾಪ್‌ಗಳಿಗೆ ಮಾಲು ಹೋಗುವುದು ಇಲ್ಲಿಂದ. ಬಿಲ್, ಸ್ಟಾಕ್, ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು, ಉದ್ರಿ ಲೆಕ್ಕ, ಎಲ್ಲ ಒಂದೇ ಡೇಟಾಬೇಸ್‌ನಲ್ಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್, 15ನೇ ಆವೃತ್ತಿ. ಅದು ಓಡುವುದು ಒಂದು ಲಿನಕ್ಸ್ ಸರ್ವರ್ ಮೇಲೆ. ಆದರೆ ಡೇಟಾ ಆ ಸರ್ವರ್ ಒಳಗಿಲ್ಲ. ಅದೇ ರ‍್ಯಾಕ್‌ನಲ್ಲಿ ಕೆಳಗೆ ಒಂದು ಸ್ಟೋರೇಜ್ ಪೆಟ್ಟಿಗೆ ಇದೆ, ಅದರಲ್ಲಿದೆ. ನಡುವೆ ಒಂದು ಸ್ವಿಚ್. ಸರ್ವರ್ ಐಸ್ಕಸಿ (iSCSI, ಜಾಲದ ಮೇಲೆ ಡಿಸ್ಕ್‌ನ ಓದು-ಬರಹ ಸಾಗಿಸುವ ವಿಧಾನ) ಮೂಲಕ ಆ ಪೆಟ್ಟಿಗೆಯ ಒಂದು ಭಾಗವನ್ನು ತನ್ನದೇ ಡಿಸ್ಕ್ ಅಂದುಕೊಂಡು ಬಳಸುತ್ತದೆ. ಅದರ ಮೇಲೆ ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಮ್, ಅದರೊಳಗೆ ಪೋಸ್ಟ್‌ಗ್ರೆಸ್‌ನ ಡೇಟಾ ಡೈರೆಕ್ಟರಿ. ಒಟ್ಟು ಸುಮಾರು 60 ಜಿಬಿ.

ಒಂದು ಮಂಗಳವಾರ, ಬಿಲ್ ಜೋರಾಗಿ ನಡೆಯುವ ಹೊತ್ತಿನಲ್ಲಿ, ನಾಲ್ಕೂ ಕೌಂಟರ್‌ಗಳ ಪರದೆ ನಿಂತವು. ಅವರ ಡೇಟಾಬೇಸ್ ನೋಡಿಕೊಳ್ಳುವವನು ನಾನು, ಇರುವುದು ಬೆಂಗಳೂರಿನಲ್ಲಿ. ಮಳಿಗೆಯ ಸಿಸ್ಟಮ್ ನೋಡಿಕೊಳ್ಳುವ ಹುಡುಗ ಫೋನ್ ಮಾಡಿದ.

"ಸರ್, ಸರ್ವರ್ ಚಾಲೂ ಐತ್ರೀ. ಸ್ಟೋರೇಜೂ ಚಾಲೂ ಐತಿ, ಪಿಂಗ್ ಬರಾಕತ್ತೈತಿ. ಆದ್ರ ಪೋಸ್ಟ್‌ಗ್ರೆಸ್ ಏಳವಲ್ದು. ಒಮ್ಮೆ ರೀಬೂಟ್ ಹೊಡಿಲೇನ್ರೀ?"

ಹೊಡೀಬೇಡ ಅಂದೆ.

ರೀಬೂಟ್ ಮಾಡಿದರೆ ಏನು ಕೆಡುತ್ತೆ ಅಂತ ಕೇಳಬಹುದು. ಬಹಳ ಸಲ ಏನೂ ಕೆಡಲ್ಲ. ಆದರೆ ಡಿಸ್ಕ್ ಸಿಗದೆ ಸರ್ವರ್ ಮೇಲೆದ್ದರೆ, ಡೇಟಾ ಇರಬೇಕಾದ ಜಾಗದಲ್ಲಿ ಒಂದು ಖಾಲಿ ಡೈರೆಕ್ಟರಿ ಮಾತ್ರ ಉಳಿಯುತ್ತದೆ. ಕೆಲವು ಕಡೆ ಸ್ಟಾರ್ಟ್ ಸ್ಕ್ರಿಪ್ಟ್‌ಗಳು ತುಂಬಾ ಉಪಕಾರಿಗಳು. ಖಾಲಿ ಕಂಡರೆ ಅಲ್ಲೇ ಹೊಸ ಡೇಟಾಬೇಸ್ ಒಂದನ್ನು ಹುಟ್ಟುಹಾಕಿಬಿಡುತ್ತವೆ. ಆಮೇಲೆ ಸ್ಟೋರೇಜ್ ನಿಧಾನಕ್ಕೆ ವಾಪಸ್ ಬಂದು ಅದರ ಮೇಲೆಯೇ ಮೌಂಟ್ ಆದರೆ (ಆ ಡೈರೆಕ್ಟರಿಗೆ ಜೋಡಿಯಾದರೆ), ಓಡುತ್ತಿರುವ ಹೊಸ ಪೋಸ್ಟ್‌ಗ್ರೆಸ್‌ನ ಕಾಲ ಕೆಳಗೆ ಹಳೇ ಡೇಟಾ ಬಂದು ಕೂರುತ್ತದೆ. ಹೀಗಾಗಬಾರದು ಅಂತಲೇ ಪೋಸ್ಟ್‌ಗ್ರೆಸ್‌ನ ಕೈಪಿಡಿ, ಮೌಂಟ್ ಪಾಯಿಂಟನ್ನೇ ಡೇಟಾ ಡೈರೆಕ್ಟರಿ ಮಾಡಬೇಡಿ, ಅದರೊಳಗೆ ಇನ್ನೊಂದು ಡೈರೆಕ್ಟರಿ ಮಾಡಿ, ಹೊರಗಿನದು ರೂಟ್ (ಸಿಸ್ಟಮ್‌ನ ಅಡ್ಮಿನ್) ಒಡೆತನದಲ್ಲೇ ಇರಲಿ ಅನ್ನುತ್ತದೆ. ಇಲ್ಲಿ ಹಾಗೆ ಮಾಡಿರಲಿಲ್ಲ.

ಹಾಗಾಗಿ ಮೊದಲ ಕೆಲಸ, ಪೋಸ್ಟ್‌ಗ್ರೆಸ್ ತಾನಾಗಿ ಏಳದಂತೆ ಸರ್ವಿಸ್‌ಗೆ ಬೀಗ ಹಾಕಿದ್ದು. ಸಿಸ್ಟಮ್‌ಡಿಯಲ್ಲಿ ಅದಕ್ಕೆ ಮಾಸ್ಕ್ ಅಂತಾರೆ. ರಾತ್ರಿ ಬ್ಯಾಕಪ್ ತೆಗೆಯುವ ಕ್ರಾನ್ ಸಾಲನ್ನೂ ನಿಲ್ಲಿಸಿದೆ. ಕೌಂಟರ್‌ನವರಿಗೆ ಕೈಬಿಲ್ ಪುಸ್ತಕ ತೆಗೆಯಲು ಹೇಳಿಸಿದೆ. ಇಷ್ಟಾದ ಮೇಲೆ ಲಾಗ್ ಓದಲು ಕೂತೆ.

ಕರ್ನಲ್ ಲಾಗ್ ಹೇಳಿದ್ದು

ಸರ್ವರ್‌ಗೆ ದೂರದಿಂದ ಲಾಗಿನ್ ಆಗಲು ತೊಂದರೆ ಇರಲಿಲ್ಲ. ಆಪರೇಟಿಂಗ್ ಸಿಸ್ಟಮ್ ಇರುವುದು ಸರ್ವರ್ ಒಳಗಿನ ಎಸ್‌ಎಸ್‌ಡಿಯಲ್ಲಿ, ಆಫೀಸಿನ ಜಾಲ ಬೇರೆ ಪೋರ್ಟ್‌ನಲ್ಲಿ. ಸಿಪಿಯು ಸುಮ್ಮನೆ ಕೂತಿದೆ, ಲೋಡ್ ಆವರೇಜ್ ಮಾತ್ರ ಏರಿ ಕೂತಿದೆ. ಡಿಸ್ಕ್‌ನಿಂದ ಉತ್ತರ ಬರಲಿ ಅಂತ ಕಾಯುತ್ತಾ ನಿಂತ ಪ್ರಾಸೆಸ್‌ಗಳನ್ನೂ ಲಿನಕ್ಸ್ ಲೋಡ್ ಲೆಕ್ಕಕ್ಕೆ ಸೇರಿಸುತ್ತದೆ. ಸ್ಟೇಟ್ ಕಾಲಮ್‌ನಲ್ಲಿ ಡಿ ಅಂತ ಕಾಣುತ್ತಲ್ಲ, ಅವೇ ಇವು. ಇವನ್ನು ಕಿಲ್ ಮೈನಸ್ 9 ಹೊಡೆದರೂ ಸಾಯಿಸಲು ಆಗಲ್ಲ. ಕಾಯುತ್ತಿರುವ ಉತ್ತರ ಬರಬೇಕು, ಇಲ್ಲವೇ ಕರ್ನಲ್ಲೇ "ಇನ್ನು ಬರಲ್ಲ" ಅಂತ ಎರರ್ ಕೊಡಬೇಕು.

ಲಾಗ್‌ನಲ್ಲಿ ಕಥೆ ಸಾಲಾಗಿ ಇತ್ತು. ಬೆಳಗ್ಗೆ 11.18ಕ್ಕೆ ಸ್ಟೋರೇಜ್ ಕಡೆಯ ಪೋರ್ಟ್‌ನ ಲಿಂಕ್ ಬಿದ್ದಿದೆ. ಅದಾದ ಎರಡು ನಿಮಿಷ ಚಿಲ್ಲರೆಗೆ ಐಸ್ಕಸಿ ಸೆಷನ್ ಕೈಬಿಟ್ಟಿದೆ. ಲಿನಕ್ಸ್‌ನ ಐಸ್ಕಸಿಯಲ್ಲಿ ಇದು ಮೊದಲಿನಿಂದ ಬರುವ ಸೆಟ್ಟಿಂಗ್: ಸಂಪರ್ಕ ಹೋದರೆ 120 ಸೆಕೆಂಡ್ ಕಾಯುತ್ತದೆ, ಅಷ್ಟರೊಳಗೆ ಬಂದರೆ ಬಾಕಿ ಇದ್ದ ಓದು-ಬರಹವನ್ನು ಮತ್ತೆ ಕಳಿಸುತ್ತದೆ, ಬರದಿದ್ದರೆ ಎಲ್ಲಕ್ಕೂ ಎರರ್ ಕೊಡುತ್ತದೆ. ಆ ಎರರ್ ಬಂದ ತಕ್ಷಣ ಎಕ್ಸ್‌ಎಫ್‌ಎಸ್ ತನ್ನ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಜಾಗ) ಬರೆಯಲು ಆಗಲಿಲ್ಲ ಅಂತ ಫೈಲ್ ಸಿಸ್ಟಮ್ಮನ್ನೇ ಮುಚ್ಚಿದೆ. ಪೋಸ್ಟ್‌ಗ್ರೆಸ್ ಪ್ಯಾನಿಕ್ ಅಂತ ಬರೆದು ಬಿದ್ದಿದೆ, ತಾನಾಗಿ ಏಳಲು ನೋಡಿದೆ, ಫೈಲ್ ತೆರೆಯಲು ಆಗದೆ ಪೂರ್ತಿ ಮಲಗಿದೆ.

ಇಲ್ಲಿಯವರೆಗೆ ಸರಿ. ಆಮೇಲಿನ ಸಾಲುಗಳು ವಿಚಿತ್ರವಾಗಿದ್ದವು. ಕೆಲವು ನಿಮಿಷ ಬಿಟ್ಟು ಲಿಂಕ್ ವಾಪಸ್ ಬಂದಿದೆ. ಐಸ್ಕಸಿ ಲಾಗಿನ್ ಆಗಿದೆ. ಸುಮಾರು ಹತ್ತು ಸೆಕೆಂಡಿಗೆ ಮತ್ತೆ ಬಿದ್ದಿದೆ. ಮತ್ತೆ ಲಾಗಿನ್, ಮತ್ತೆ ಬಿದ್ದಿದೆ. ಇದೇ ಸಾಲುಗಳು ಪರದೆ ತುಂಬಾ.

"ಡಿಸ್ಕ್ ಕಾಣಸಾಕತ್ತೈತ್ರೀ ಸರ್, ಸೈಜೂ ಬರೋಬ್ಬರಿ ತೋರಸ್ತೈತಿ" ಅಂದ ಹುಡುಗ. ನಿಜ, ಡಿಸ್ಕ್ ಪಟ್ಟಿಯಲ್ಲಿ ಅದು ಇತ್ತು, ಗಾತ್ರ ಸಮೇತ. ಆದರೆ ಅದರ ಮೊದಲ ನಾಲ್ಕು ಕಿಲೋಬೈಟ್ ಓದಿಸಲು ಹೋದರೆ ಕಮಾಂಡ್ ಅಲ್ಲೇ ನಿಂತುಬಿಡುತ್ತಿತ್ತು.

ಲಾಗಿನ್ ಆಗುತ್ತೆ, ಗಾತ್ರ ಗೊತ್ತಾಗುತ್ತೆ, ಡೇಟಾ ಬರಲ್ಲ. ಅಂದರೆ ಚಿಕ್ಕ ಪ್ಯಾಕೆಟ್ ದಾಟುತ್ತಿವೆ, ದೊಡ್ಡವು ದಾಟುತ್ತಿಲ್ಲ. ಆ ಕಡೆ ಯಂತ್ರ ಇದೆಯಾ ಅಂತ ಕೇಳುವ ಪಿಂಗ್ ಕಳಿಸುವುದು ಸಾಮಾನ್ಯವಾಗಿ 56 ಬೈಟ್ ಡೇಟಾ. ಅದು ಬಂದರೆ ದಾರಿ ಸರಿ ಇದೆ ಅಂತ ಅರ್ಥವಲ್ಲ. ಓಣಿಯಲ್ಲಿ ಸೈಕಲ್ ನುಸುಳಿತು ಅಂದ ಮಾತ್ರಕ್ಕೆ ಲಾರಿ ಹೋಗುತ್ತಾ?

ಪಿಂಗ್‌ಗೇ ಗಾತ್ರ ಕೊಟ್ಟು ನೋಡಿದೆ, ಪ್ಯಾಕೆಟ್ ಒಡೆಯಬಾರದು ಅನ್ನುವ ಆಯ್ಕೆ ಜೊತೆಗೆ. 1472 ಬೈಟ್: ಬಂತು. 8972 ಬೈಟ್: ಒಂದೂ ಬರಲಿಲ್ಲ. ಈ ಎರಡು ಸಂಖ್ಯೆ ಎಲ್ಲಿಂದ ಬಂದವು ಅಂದರೆ, ಮಾಮೂಲಿ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ಟಿನ ಮಿತಿ 1500 ಬೈಟ್, ಜಂಬೋ ಫ್ರೇಮ್‌ನಲ್ಲಿ ಸಾಮಾನ್ಯವಾಗಿ 9000. ಅದರಲ್ಲಿ ಐಪಿ ಹೆಡರ್ 20, ಪಿಂಗ್‌ನ ಹೆಡರ್ 8. ಒಟ್ಟು 28 ಕಳೆದರೆ 1472 ಮತ್ತು 8972. ಸ್ಟೋರೇಜ್ ಜಾಲದಲ್ಲಿ ವೇಗಕ್ಕೆ ಅಂತ ಸರ್ವರ್‌ನಲ್ಲೂ ಪೆಟ್ಟಿಗೆಯಲ್ಲೂ 9000 ಇಟ್ಟಿದ್ದರು. ನಡುವಿನ ಸ್ವಿಚ್ ಮಾತ್ರ ಈಗ 1500ಕ್ಕೆ ಇಳಿದಿತ್ತು.

ಎರಡು ತುದಿಯೂ "ನಾನು 9000ದವನು" ಅಂತ ಒಪ್ಪಂದ ಮಾಡಿಕೊಂಡು ದೊಡ್ಡ ಪ್ಯಾಕೆಟ್ ಕಳಿಸುತ್ತವೆ. ಸ್ವಿಚ್ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ನಡುವೆ ರೂಟರ್ ಇದ್ದಿದ್ದರೆ "ಇದು ದೊಡ್ಡದಾಯಿತು, ಚಿಕ್ಕದು ಕಳಿಸು" ಅಂತ ವಾಪಸ್ ಹೇಳುತ್ತಿತ್ತು. ಸ್ವಿಚ್‌ಗೆ ಆ ಮಾತು ಬರಲ್ಲ. ಟಿಸಿಪಿ ಅದನ್ನೇ ಮತ್ತೆ ಮತ್ತೆ ಕಳಿಸುತ್ತದೆ. ಅದರ ಹಿಂದೆ ಸಾಲಿನಲ್ಲಿ ನಿಂತ ಐಸ್ಕಸಿಯ "ಇದ್ದೀಯಾ?" ಅನ್ನುವ ಪುಟ್ಟ ಸಂದೇಶವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಐಸ್ಕಸಿ 5 ಸೆಕೆಂಡಿಗೊಮ್ಮೆ ಅದನ್ನು ಕೇಳುತ್ತದೆ, 5 ಸೆಕೆಂಡ್ ಉತ್ತರಕ್ಕೆ ಕಾಯುತ್ತದೆ, ಬರದಿದ್ದರೆ ಸಂಪರ್ಕ ಕಡಿಯುತ್ತದೆ. ಹತ್ತು ಸೆಕೆಂಡಿನ ಆ ಏಳು-ಬೀಳಿನ ಗುಟ್ಟು ಇದು.

ಸ್ವಿಚ್ ಯಾಕೆ ಇಳಿಯಿತು? ಯುಪಿಎಸ್ ಬ್ಯಾಟರಿ ಬದಲಿಸಲು ಬಂದ ಎಲೆಕ್ಟ್ರಿಷಿಯನ್ ಒಂದು ಬೋರ್ಡಿನ ಪ್ಲಗ್ ತೆಗೆದು ಹಾಕಿದ್ದಾರೆ. ಸರ್ವರ್, ಸ್ಟೋರೇಜ್ ಎರಡೂ ಬೇರೆ ಬೋರ್ಡಿನಲ್ಲಿದ್ದವು, ಅವಕ್ಕೆ ಏನೂ ಆಗಲಿಲ್ಲ. ಸ್ವಿಚ್ ಆಫ್ ಆಗಿ ಆನ್ ಆಯಿತು. ಆದರೆ ಜಂಬೋ ಫ್ರೇಮ್ ಸೆಟ್ಟಿಂಗ್ ಹಾಕಿದವರು ಅದನ್ನು ಓಡುವ ಕಾನ್ಫಿಗ್‌ನಲ್ಲಿ ಮಾತ್ರ ಬಿಟ್ಟಿದ್ದರು, ಸ್ಟಾರ್ಟಪ್ ಕಾನ್ಫಿಗ್‌ಗೆ ಸೇವ್ ಮಾಡಿರಲಿಲ್ಲ. ಹಾಕಿದ ದಿನದಿಂದ ಆ ಸ್ವಿಚ್ ಒಂದು ಸಲವೂ ಆಫ್ ಆಗಿರಲಿಲ್ಲ ಅಂತ ಕಾಣುತ್ತೆ. ಆದದ್ದೇ ತಡ, ಹಳೇ ಸ್ಥಿತಿಗೆ ಹೋಗಿದೆ.

ಎಲೆಕ್ಟ್ರಿಷಿಯನ್ ಮೇಲೆ ಮಾಲೀಕರಿಗೆ ಸಿಟ್ಟು ಬಂದಿತ್ತು. ನನಗೆ ಬರಲಿಲ್ಲ. ಪ್ಲಗ್ ಅಂದಮೇಲೆ ಯಾವತ್ತಾದರೂ ಯಾರಾದರೂ ತೆಗೆದೇ ತೆಗೆಯುತ್ತಾರೆ.

ಜಾಲ ಸರಿ ಮಾಡುವ ಮುಂಚೆ ಒಂದು ಸ್ನ್ಯಾಪ್‌ಶಾಟ್

ಕಾರಣ ಸಿಕ್ಕಿತು. ಈಗ ಸ್ವಿಚ್ ಸರಿ ಮಾಡಿ, ಪೋಸ್ಟ್‌ಗ್ರೆಸ್ ಎಬ್ಬಿಸಿ, ಊಟಕ್ಕೆ ಹೋಗಬಹುದು ಅಲ್ವಾ? ಬಹಳ ಜನ ಹಾಗೇ ಮಾಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಅದು ನಡೆದೂಬಿಡುತ್ತೆ. ಆ ಹತ್ತನೆಯದು ಇದೇ ಆಗಿದ್ದರೆ ಅನ್ನುವುದು ನನ್ನ ಚಿಂತೆ.

ಸ್ಟೋರೇಜ್ ಹೋದಾಗ ಡೇಟಾ ಹಾಳಾಗುವುದು ಕಡಿಮೆ. ಅದು ವಾಪಸ್ ಬಂದ ಮೇಲೆ ನಾವು ಆತುರದಲ್ಲಿ ಮಾಡುವ ಕೆಲಸಗಳಿಂದ ಹಾಳಾಗುವುದು ಜಾಸ್ತಿ. ದೊಡ್ಡವರಿಗೂ ಹೀಗೇ ಆಗಿದೆ. 2011ರ ಏಪ್ರಿಲ್ 21ರಂದು ಅಮೆಜಾನ್‌ನ ಅಮೆರಿಕ ಪೂರ್ವ ವಲಯದಲ್ಲಿ ಜಾಲದ ಒಂದು ಬದಲಾವಣೆ ವೇಳೆ ಸ್ಟೋರೇಜ್ ಟ್ರಾಫಿಕ್ಕನ್ನು ತಪ್ಪಾಗಿ ಕಡಿಮೆ ಸಾಮರ್ಥ್ಯದ ಜಾಲಕ್ಕೆ ತಿರುಗಿಸಿದರು. ಜಾಲವನ್ನು ಬೇಗ ಸರಿ ಮಾಡಿದರು. ಆದರೆ ಸಂಪರ್ಕ ಬಂದ ಕೂಡಲೇ ಸಾವಿರಾರು ಡಿಸ್ಕ್ ತುಂಡುಗಳು ಒಟ್ಟಿಗೇ ತಮ್ಮ ಹೊಸ ನಕಲು ಮಾಡಿಕೊಳ್ಳಲು ಜಾಗ ಹುಡುಕಿ ಇಡೀ ವ್ಯವಸ್ಥೆಯನ್ನೇ ಕಟ್ಟಿಹಾಕಿದವು. ಅದು ಬಿಡಿಸಿಕೊಳ್ಳಲು ದಿನಗಳೇ ಹಿಡಿದವು, ಕೊನೆಗೆ 0.07 ಶೇಕಡಾ ವಾಲ್ಯೂಮ್‌ಗಳು ಸರಿಯಾಗಿ ವಾಪಸ್ ಬರಲೇ ಇಲ್ಲ. ಅದರ ಮೇಲೆ ನಿಂತಿದ್ದ ಡೇಟಾಬೇಸ್‌ಗಳೂ ಜೊತೆಗೇ ಸಿಕ್ಕಿಕೊಂಡವು.

ನಮ್ಮ ಪೆಟ್ಟಿಗೆ ಚಿಕ್ಕದು. ಆದರೂ ಈ ಗಳಿಗೆಯಲ್ಲಿ ಒಂದು ಅನುಕೂಲ ಇತ್ತು. ಎಕ್ಸ್‌ಎಫ್‌ಎಸ್ ತಾನೇ ಮುಚ್ಚಿಕೊಂಡಿದೆ, ಜಾಲವೂ ಕಟ್ಟಿದೆ. ಯಾರಿಂದಲೂ ಆ ಡಿಸ್ಕ್‌ಗೆ ಏನೂ ಬರೆಯಲು ಆಗಲ್ಲ. ಬಿದ್ದ ಕ್ಷಣದ ಸ್ಥಿತಿ ಹಾಗೇ ಇದೆ. ಸ್ನ್ಯಾಪ್‌ಶಾಟ್ ತೆಗೆಯಲು ಇದಕ್ಕಿಂತ ಒಳ್ಳೇ ಹೊತ್ತಿಲ್ಲ. ಪೆಟ್ಟಿಗೆಯ ಆಡಳಿತ ಪುಟ ಆಫೀಸಿನ ಜಾಲದಲ್ಲಿತ್ತು, ಅಲ್ಲಿಂದಲೇ ತೆಗೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಇನ್ನು ಮುಂದೆ ಏನೇ ಎಡವಟ್ಟಾದರೂ ಈ ಜಾಗಕ್ಕೆ ವಾಪಸ್ ಬರಬಹುದು.

ಆ ಹೊತ್ತಿಗೆ ಹುಡುಗನಿಂದ ಇನ್ನೊಂದು ಸಲಹೆ ಬಂತು. ಸ್ಟೋರ್ ರೂಮಿನಲ್ಲಿ ಹಳೇ ಸರ್ವರ್ ಒಂದಿದೆ, ಅದಕ್ಕೆ ಇದೇ ಡಿಸ್ಕ್ ಸೇರಿಸಿ ಅಲ್ಲಿ ಎಬ್ಬಿಸೋಣ ಅಂತ. ಇದು ನಿಜಕ್ಕೂ ಅಪಾಯದ ಸಲಹೆ, ಕೇಳಲು ಮಾತ್ರ ಜಾಣತನ. ಎಕ್ಸ್‌ಎಫ್‌ಎಸ್ ಒಂದೇ ಯಂತ್ರದ ಫೈಲ್ ಸಿಸ್ಟಮ್. ಎರಡು ಸರ್ವರ್ ಒಟ್ಟಿಗೆ ಮೌಂಟ್ ಮಾಡಿದರೆ ಒಂದು ಬರೆದದ್ದು ಇನ್ನೊಂದಕ್ಕೆ ಗೊತ್ತಿಲ್ಲದೆ ಎರಡೂ ಸೇರಿ ಫೈಲ್ ಸಿಸ್ಟಮ್ಮನ್ನು ಚಿಂದಿ ಮಾಡುತ್ತವೆ. ಪೋಸ್ಟ್‌ಗ್ರೆಸ್‌ನ ಪಿಐಡಿ ಫೈಲ್ (ಓಡುತ್ತಿರುವ ಪ್ರಾಸೆಸ್‌ನ ನಂಬರ್ ಬರೆದಿಡುವ ಫೈಲ್) ನಮ್ಮನ್ನು ಕಾಯುತ್ತೆ ಅಂದುಕೊಳ್ಳಬಾರದು. ಅದು ಅದೇ ಯಂತ್ರದಲ್ಲಿ ಇನ್ನೊಂದು ಪೋಸ್ಟ್‌ಗ್ರೆಸ್ ಇದೆಯಾ ಅಂತ ನೋಡುತ್ತೆ ಅಷ್ಟೇ. ಪಕ್ಕದ ಯಂತ್ರದ ಸುದ್ದಿ ಅದಕ್ಕೆ ತಿಳಿಯಲ್ಲ. ಹಳೇ ಸರ್ವರ್ ಬಳಸಲೇಬೇಕಾದರೆ ಮೊದಲು ಈ ಸರ್ವರ್‌ನ ಪವರ್ ಕೇಬಲ್ ಎಳೆದು ಆಮೇಲೆ ಮಾತಾಡಬೇಕು.

ಇನ್ನು ಜಾಲ. ಸ್ವಿಚ್ಚಿನ ಪಾಸ್‌ವರ್ಡ್ ಹಾಕಿದವರ ಹತ್ತಿರ ಇತ್ತು, ಅವರು ಫೋನ್ ಎತ್ತುತ್ತಿರಲಿಲ್ಲ. ಅವರಿಗೆ ಕಾಯುವ ಅಗತ್ಯವೂ ಇರಲಿಲ್ಲ. ಸರ್ವರ್‌ನ ಆ ಪೋರ್ಟ್‌ನ ಮಿತಿಯನ್ನು 9000ದಿಂದ 1500ಕ್ಕೆ ಇಳಿಸಿದರೆ ಸಾಕು. ಟಿಸಿಪಿ ಸಂಪರ್ಕ ಶುರುವಾಗುವಾಗ ಎರಡು ತುದಿಯೂ "ನನಗೆ ಇಷ್ಟು ದೊಡ್ಡದು ಮಾತ್ರ ಕಳಿಸು" ಅಂತ ಹೇಳಿಕೊಳ್ಳುತ್ತವೆ. ಸರ್ವರ್ 1460 (1500ರಲ್ಲಿ ಐಪಿ, ಟಿಸಿಪಿ ಹೆಡರ್‌ಗಳ 40 ಕಳೆದದ್ದು) ಅಂದರೆ ಪೆಟ್ಟಿಗೆಯೂ ಅದಕ್ಕಿಂತ ದೊಡ್ಡದು ಕಳಿಸಲ್ಲ. ಹೀಗೆ ಒಂದೇ ಕಡೆ ಇಳಿಸಿದರೂ ಎರಡೂ ದಿಕ್ಕು ಸರಿಹೋಗುತ್ತದೆ. ಇಳಿಸಿದೆ. ಮುಂದಿನ ಲಾಗಿನ್ ಆಯಿತು, ನಿಂತಿತು. ಡಿಸ್ಕ್‌ನ ಮೊದಲ ನಾಲ್ಕು ಕಿಲೋಬೈಟ್ ಕೇಳಿದೆ, ಬಂತು.

ಫೈಲ್ ಸಿಸ್ಟಮ್

ಡಿಸ್ಕ್ ಬಂದರೂ ಎಕ್ಸ್‌ಎಫ್‌ಎಸ್ ತಾನಾಗಿ ತೆರೆದುಕೊಳ್ಳಲ್ಲ. ಒಮ್ಮೆ ಮುಚ್ಚಿದರೆ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಲೇಬೇಕು. ಅನ್‌ಮೌಂಟ್ ಮಾಡಲು ಹೋದರೆ ಬಿಜಿ ಅಂತ ಬಂತು. ಯಾರು ಹಿಡಿದುಕೊಂಡಿದ್ದಾರೆ ಅಂತ ನೋಡಿದರೆ ಹುಡುಗನ ಟರ್ಮಿನಲ್. ಡೇಟಾ ಡೈರೆಕ್ಟರಿ ಒಳಗೇ ಕೂತಿದ್ದ. ಹೊರಗೆ ಬಾ ಅಂದೆ, ಬಂದ.

ಈ ಹಂತದಲ್ಲಿ ಹುಡುಕಿದವರಿಗೆಲ್ಲ ಸಿಗುವ ಉಪಾಯ ಒಂದಿದೆ: ಎಕ್ಸ್‌ಎಫ್‌ಎಸ್ ರಿಪೇರ್‌ಗೆ ದೊಡ್ಡ ಎಲ್ ಹಾಕಿ ಓಡಿಸಿ, ಸರಿಹೋಗುತ್ತೆ ಅಂತ. ಆ ಎಲ್ ಮಾಡುವುದು ಫೈಲ್ ಸಿಸ್ಟಮ್‌ನ ಜರ್ನಲ್ಲನ್ನು ಅಳಿಸುವ ಕೆಲಸ. ಜರ್ನಲ್‌ನಲ್ಲಿ ಇನ್ನೂ ಡಿಸ್ಕ್‌ನ ಸರಿಯಾದ ಜಾಗಕ್ಕೆ ಹೋಗದ ಬದಲಾವಣೆಗಳಿರುತ್ತವೆ. ಅವನ್ನು ಎಸೆದರೆ ಫೈಲುಗಳೇ ಮಾಯವಾಗಬಹುದು. ಜರ್ನಲ್ ಇರುವುದೇ ಇಂಥ ದಿನಕ್ಕೆ. ಸುಮ್ನೆ ಮೌಂಟ್ ಮಾಡಿದರೆ ಕರ್ನಲ್ಲೇ ಅದನ್ನು ಓದಿ ಬಾಕಿ ಕೆಲಸ ಮುಗಿಸುತ್ತದೆ. ಮೌಂಟೇ ಆಗುತ್ತಿಲ್ಲ, ಬೇರೆ ದಾರಿಯೇ ಇಲ್ಲ, ಕೈಯಲ್ಲಿ ನಕಲಿದೆ ಅಂದಾಗ ಮಾತ್ರ ಆ ಎಲ್.

ಮೌಂಟ್ ಮಾಡಿದೆ. ಲಾಗ್‌ನಲ್ಲಿ ರಿಕವರಿ ಶುರು, ರಿಕವರಿ ಮುಗಿಯಿತು ಅಂತ ಎರಡು ಸಾಲು. ಮತ್ತೆ ಅನ್‌ಮೌಂಟ್ ಮಾಡಿ, ಏನನ್ನೂ ಬದಲಿಸದೆ ಪರೀಕ್ಷೆ ಮಾತ್ರ ಮಾಡುವ ಆಯ್ಕೆಯಲ್ಲಿ ರಿಪೇರ್ ಓಡಿಸಿದೆ. ದೂರು ಇರಲಿಲ್ಲ.

ಪೋಸ್ಟ್‌ಗ್ರೆಸ್ ಬಿದ್ದದ್ದೇ ಒಳ್ಳೆಯದಾಯಿತು

ಪ್ಯಾನಿಕ್ ಅಂತ ಲಾಗ್‌ನಲ್ಲಿ ಕಂಡರೆ ಎದೆ ಧಸಕ್ಕನ್ನುತ್ತೆ. ಆದರೆ ಇಲ್ಲಿ ಪೋಸ್ಟ್‌ಗ್ರೆಸ್ ಬೀಳದೆ ಓಡುತ್ತಲೇ ಇದ್ದಿದ್ದರೆ ನಾನು ಇನ್ನೂ ಜಾಸ್ತಿ ಹೆದರುತ್ತಿದ್ದೆ.

ಡೇಟಾಬೇಸ್ ಬರೆದದ್ದು ಮೊದಲು ಸರ್ವರ್‌ನ ಮೆಮೊರಿಯಲ್ಲಿ ಕೂರುತ್ತದೆ. ಎಫ್‌ಸಿಂಕ್ ಅಂತ ಕೇಳಿದಾಗ ಕರ್ನಲ್ ಅದನ್ನು ಡಿಸ್ಕ್‌ಗೆ ತಲುಪಿಸಿ ಆಯಿತು ಅನ್ನುತ್ತದೆ. ತಲುಪಿಸಲು ಆಗದಿದ್ದರೆ ಎರರ್. ಪೋಸ್ಟ್‌ಗ್ರೆಸ್‌ನವರು ಬಹಳ ವರ್ಷ ಅಂದುಕೊಂಡಿದ್ದು, ಎರರ್ ಬಂದರೆ ಇನ್ನೊಮ್ಮೆ ಎಫ್‌ಸಿಂಕ್ ಕೇಳಿದರಾಯಿತು ಅಂತ. 2018ರಲ್ಲಿ ಕ್ರೇಗ್ ರಿಂಗರ್ ಅನ್ನುವ ಡೆವಲಪರ್ ಈ ನಂಬಿಕೆಯ ಬುಡ ಅಲ್ಲಾಡಿಸಿದರು. ಲಿನಕ್ಸ್ ಒಮ್ಮೆ ಎರರ್ ಕೊಟ್ಟಮೇಲೆ ಆ ಮೆಮೊರಿ ಪುಟವನ್ನು ಬರೆದಾಯಿತು ಅಂತಲೇ ಗುರುತು ಹಾಕಿಬಿಡಬಹುದು. ಎರಡನೇ ಸಲ ಕೇಳಿದರೆ ಆಯಿತು ಅನ್ನುತ್ತದೆ. ಡಿಸ್ಕ್‌ನಲ್ಲಿ ಏನೂ ಇರಲ್ಲ! ಡೇಟಾಬೇಸ್ ನಂಬಿ ಚೆಕ್‌ಪಾಯಿಂಟ್ (ಇಲ್ಲಿಯವರೆಗಿನದ್ದೆಲ್ಲ ಡೇಟಾ ಫೈಲ್ ಸೇರಿತು ಅನ್ನುವ ಗುರುತು) ಮುಗಿಸುತ್ತದೆ, ಹಳೇ ವಾಲ್ (ಬದಲಾವಣೆಗಳ ದಿನಚರಿ) ಬಿಸಾಡುತ್ತದೆ. ಕಳೆದುಹೋದದ್ದು ಯಾರಿಗೂ ಗೊತ್ತಾಗಲ್ಲ.

2019ರ ಫೆಬ್ರವರಿಯಲ್ಲಿ ಬಂದ 11.2 ಮತ್ತು ಅದರ ಜೊತೆಗಿನ ಬಿಡುಗಡೆಗಳಿಂದ ಇದನ್ನು ಬದಲಿಸಿದರು. ಈಗ ಡೇಟಾ ಫೈಲಿನ ಎಫ್‌ಸಿಂಕ್ ಸೋತರೂ ಪೋಸ್ಟ್‌ಗ್ರೆಸ್ ಪ್ಯಾನಿಕ್ ಆಗಿ ಬೀಳುತ್ತದೆ. ಎದ್ದಾಗ ಮೆಮೊರಿಯನ್ನು ನಂಬದೆ, ಕೊನೇ ಚೆಕ್‌ಪಾಯಿಂಟ್‌ನಿಂದ ವಾಲ್ ಓದಿಕೊಂಡು ಎಲ್ಲ ಬದಲಾವಣೆಯನ್ನು ಮತ್ತೆ ಹಾಕುತ್ತದೆ. ವಾಲ್ ಅಂದರೆ ಪ್ರತಿ ಬದಲಾವಣೆಯನ್ನು ಮೊದಲು ಬರೆದಿಡುವ ದಿನಚರಿ, 16 ಎಂಬಿ ಫೈಲುಗಳ ಸಾಲು. ಒಂದು ಬಿಲ್ ಸೇವ್ ಆಯಿತು ಅಂತ ಕೌಂಟರ್‌ಗೆ ಹೇಳುವ ಮುಂಚೆ ಆ ಬಿಲ್ಲಿನ ದಾಖಲೆ ವಾಲ್‌ನಲ್ಲಿ ಡಿಸ್ಕ್ ಸೇರಿರಲೇಬೇಕು. ಸಿಂಕ್ರೊನಸ್ ಕಮಿಟ್ ಅನ್ನುವ ಸೆಟ್ಟಿಂಗ್ ಆಫ್ ಮಾಡಿದ್ದರೆ ಈ ಮಾತು ನಿಲ್ಲಲ್ಲ. ಇಲ್ಲಿ ಆನ್ ಇತ್ತು, ನೋಡಿಕೊಂಡೆ.

ಎಬ್ಬಿಸುವ ಮುಂಚೆ ಇಡೀ ಡೇಟಾ ಡೈರೆಕ್ಟರಿಯನ್ನು ಸರ್ವರ್‌ನ ಒಳಗಿನ ಎಸ್‌ಎಸ್‌ಡಿಗೆ ನಕಲು ಮಾಡಿದೆ. ಒಂದು ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ 110 ಎಂಬಿ ಲೆಕ್ಕ, 60 ಜಿಬಿಗೆ ಹತ್ತು ನಿಮಿಷದ ಆಚೀಚೆ. ಮಾಲೀಕರಿಗೆ ಈ ಹತ್ತು ನಿಮಿಷ ಸಮಾಧಾನ ಇರಲಿಲ್ಲ. "ಡಿಸ್ಕ್ ಬಂತಂತಲ್ರೀ, ಇನ್ನ ಯಾಕ ತಡಾ?" ಸ್ನ್ಯಾಪ್‌ಶಾಟ್ ಇರುವುದು ಅದೇ ಪೆಟ್ಟಿಗೆಯಲ್ಲಿ. ಪೆಟ್ಟಿಗೆಯೇ ಕೈಕೊಟ್ಟರೆ ಎರಡೂ ಹೋಗುತ್ತವೆ ಅಂದೆ. ಇನ್ನೊಂದು ಕಾರಣ ಅವರಿಗೆ ಹೇಳಲಿಲ್ಲ: ಮೊದಲು ನಕಲಿನ ಮೇಲೆ ಎಬ್ಬಿಸಿ ನೋಡಬೇಕಿತ್ತು.

ನಕಲನ್ನು 5433ನೇ ಪೋರ್ಟ್‌ನಲ್ಲಿ ಎಬ್ಬಿಸಿದೆ. ಅದಕ್ಕೆ ಮುಂಚೆ ನಕಲಿನ ಸೆಟ್ಟಿಂಗ್‌ನಲ್ಲಿ ವಾಲ್ ಆರ್ಕೈವ್ ಕಮಾಂಡ್ ನಿಲ್ಲಿಸಿದೆ. ಇದು ಮರೆತರೆ ನಕಲು ತನ್ನ ವಾಲನ್ನು ಅಸಲಿನ ಬ್ಯಾಕಪ್ ಜಾಗಕ್ಕೇ ಕಳಿಸಲು ಶುರು ಮಾಡುತ್ತದೆ. ಆಮೇಲೆ ಯಾವುದು ಯಾವುದರದು ಅಂತ ಬಿಡಿಸಲು ದೇವರೇ ಬರಬೇಕು.

ಲಾಗ್ ಹೀಗೆ ಓಡಿತು: ಸರಿಯಾಗಿ ಮುಚ್ಚಿರಲಿಲ್ಲ, ರಿಕವರಿ ನಡೆಯುತ್ತಿದೆ, ರೀಡೂ ಇಂಥ ಜಾಗದಿಂದ ಶುರು, ಇಂಥ ಜಾಗದಲ್ಲಿ ದಾಖಲೆಯ ಉದ್ದ ಸರಿಯಿಲ್ಲ, 24 ಬೇಕಿತ್ತು, 0 ಸಿಕ್ಕಿತು, ರೀಡೂ ಮುಗಿಯಿತು, ಸಂಪರ್ಕಕ್ಕೆ ಸಿದ್ಧ.

ದಾಖಲೆಯ ಉದ್ದದ ಆ ಸಾಲು ನೋಡಿ ಹುಡುಗ ಗಾಬರಿಯಾದ. ಬಹಳ ಜನ ಆಗುತ್ತಾರೆ. ಅದು ಎರರ್ ಅಲ್ಲ. ವಾಲ್ ಓದುತ್ತಾ ಹೋಗುವ ಪೋಸ್ಟ್‌ಗ್ರೆಸ್‌ಗೆ ಕೊನೆ ಎಲ್ಲಿ ಅಂತ ಮೊದಲೇ ಗೊತ್ತಿರಲ್ಲ. ಬರೆದದ್ದು ಮುಗಿದು ಸೊನ್ನೆಗಳು ಶುರುವಾದ ಜಾಗವೇ ಕೊನೆ. ಆ ಸಾಲು ಹೇಳುವುದು ಇಷ್ಟೇ. ಈ ಸಾಲಿಗೆ ಹೆದರಿ ಪಿಜಿ ರೀಸೆಟ್‌ವಾಲ್ ಓಡಿಸಿದವರಿದ್ದಾರೆ. ಅದು ವಾಲನ್ನೇ ಎಸೆದು ಡೇಟಾಬೇಸನ್ನು ಬಲವಂತಕ್ಕೆ ಎಬ್ಬಿಸುವ ಸಾಧನ. ಎದ್ದೇನೋ ಏಳುತ್ತೆ. ಒಳಗೆ ಅರ್ಧ ಬರೆದ ಬಿಲ್‌ಗಳು, ಸ್ಟಾಕ್‌ಗೆ ತಾಳೆಯಾಗದ ಲೆಕ್ಕ ಇರುತ್ತವೆ.

ಡೇಟಾಬೇಸ್ ಎದ್ದಿತು ಅಂದರೆ ಸರಿ ಇದೆ ಅಂತಲೂ ಅಲ್ಲ. ಇಲ್ಲಿ ಪುಟಗಳ ಚೆಕ್‌ಸಮ್ (ಪುಟ ಕೆಟ್ಟಿದೆಯಾ ಅಂತ ಹಿಡಿಯುವ ಲೆಕ್ಕ) ಆನ್ ಇರಲಿಲ್ಲ. (18ನೇ ಆವೃತ್ತಿಯಿಂದ ಹೊಸ ಡೇಟಾಬೇಸ್‌ಗಳಿಗೆ ಇದು ತಾನಾಗಿ ಆನ್ ಆಗಿರುತ್ತದೆ, ಬಹಳ ತಡವಾಗಿ ಬಂದ ಬುದ್ಧಿ ಅಂತ ನನ್ನ ಅಭಿಪ್ರಾಯ.) ಹಾಗಾಗಿ ಎರಡು ಪರೀಕ್ಷೆ. ಇಡೀ ಡೇಟಾಬೇಸ್‌ನ ಡಂಪ್ ತೆಗೆದು ಎಲ್ಲೂ ಉಳಿಸದೆ ಬಿಸಾಡಿದೆ. ಪ್ರತಿ ಟೇಬಲ್‌ನ ಪ್ರತಿ ಸಾಲು ಓದಲು ಬರುತ್ತಾ ಅಂತ ಇದರಿಂದ ತಿಳಿಯುತ್ತದೆ. ಡಂಪ್ ಇಂಡೆಕ್ಸ್‌ಗಳನ್ನು ಮುಟ್ಟಲ್ಲ, ಅದಕ್ಕೆ ಪಿಜಿ ಆಮ್‌ಚೆಕ್ ಅನ್ನುವ ಸಾಧನ. ಟೇಬಲ್‌ನ ಪ್ರತಿ ಸಾಲೂ ಇಂಡೆಕ್ಸ್‌ನಲ್ಲಿ ಇದೆಯಾ ಅಂತ ತಾಳೆ ನೋಡುವ ಆಯ್ಕೆ ಜೊತೆಗೆ ಓಡಿಸಿದೆ. ಎರಡೂ ಪಾಸ್. ಆಮೇಲೆ ಅಸಲಿನ ಬೀಗ ತೆಗೆದು ಎಬ್ಬಿಸಿದೆ. ಅದೇ ಸಾಲುಗಳು, ಅದೇ ಕೊನೆ. ಹಳೇ ಪಿಐಡಿ ಫೈಲ್ ಅಲ್ಲೇ ಬಿದ್ದಿತ್ತು, ನಾನು ಮುಟ್ಟಲಿಲ್ಲ. ಆ ನಂಬರಿನ ಪ್ರಾಸೆಸ್ ಬದುಕಿಲ್ಲ ಅಂತ ಪೋಸ್ಟ್‌ಗ್ರೆಸ್ ತಾನೇ ನೋಡಿಕೊಂಡು ತೆಗೆದುಹಾಕುತ್ತದೆ.

ಬಿಲ್ ಎಣಿಕೆ

ಕೌಂಟರ್ ತೆರೆಯುವ ಮುಂಚೆ ಅಕೌಂಟ್ಸ್ ನೋಡುವವರನ್ನು ಕೂರಿಸಿಕೊಂಡೆ. ನಾಲ್ಕೂ ಕೌಂಟರ್‌ನಲ್ಲಿ ಕೊನೆಗೆ ಪ್ರಿಂಟ್ ಆದ ಬಿಲ್‌ಗಳ ಆಫೀಸ್ ಪ್ರತಿ ತರಿಸಿ, ಡೇಟಾಬೇಸ್‌ನಲ್ಲಿರುವ ಕೊನೇ ಬಿಲ್‌ಗಳ ಜೊತೆ ಒಂದೊಂದಾಗಿ ತಾಳೆ ನೋಡಿದೆವು. ಈ ಸಾಫ್ಟ್‌ವೇರ್ ಪ್ರಿಂಟ್ ಮಾಡುವುದು ಸೇವ್ ಆದ ಮೇಲೆ. ಅಂದರೆ ಪ್ರಿಂಟ್ ಆದದ್ದೆಲ್ಲ ಡೇಟಾಬೇಸ್‌ನಲ್ಲಿ ಇರಲೇಬೇಕು. ಇತ್ತು.

ಆದರೆ ಡೇಟಾಬೇಸ್‌ನಲ್ಲಿ ಒಂದು ಬಿಲ್ ಜಾಸ್ತಿ ಇತ್ತು. 18246. ಅದು ಯಾರ ಕೌಂಟರ್‌ನಲ್ಲೂ ಪ್ರಿಂಟ್ ಆಗಿರಲಿಲ್ಲ.

ಮೂರನೇ ಕೌಂಟರ್‌ನ ಅಕ್ಕನವರನ್ನು ಕೇಳಿದಾಗ ಗೊತ್ತಾಯಿತು. ಅವರು ಸೇವ್ ಒತ್ತಿದ ಕ್ಷಣದಲ್ಲೇ ಪರದೆ ನಿಂತಿದೆ. ಬಿಲ್ ಆಗಿಲ್ಲ ಅಂದುಕೊಂಡು ಅದೇ ಮಾಲನ್ನು ಕೈಬಿಲ್‌ನಲ್ಲಿ ಬರೆದುಕೊಟ್ಟಿದ್ದಾರೆ. ಡೇಟಾಬೇಸ್ ವಾಲ್ ಬರೆಯಲು ಕಳಿಸಿದೆ, ಅದು ಪೆಟ್ಟಿಗೆ ಮುಟ್ಟಿದೆ, ಆಯಿತು ಅನ್ನುವ ಉತ್ತರ ವಾಪಸ್ ಬರುವ ಮುಂಚೆ ಸ್ವಿಚ್ ಆಫ್ ಆಗಿದೆ. ರಿಕವರಿ ಆ ದಾಖಲೆಯನ್ನು ಪೂರ್ತಿಯಾಗಿ ಕಂಡು ಬಿಲ್ಲನ್ನು ಉಳಿಸಿಕೊಂಡಿದೆ. ಇಲ್ಲಿ ಯಾರದ್ದೂ ತಪ್ಪಿಲ್ಲ. ಸೇವ್ ಒತ್ತಿ ಉತ್ತರ ಬರದಿದ್ದರೆ ಆಗಿದೆಯೋ ಇಲ್ಲವೋ ಅಂತ ಆ ಕಡೆಯಿಂದ ಹೇಳಲು ಬರುವುದೇ ಇಲ್ಲ. ಇದನ್ನು ಹಿಡಿಯದೆ ಕೈಬಿಲ್‌ಗಳನ್ನೆಲ್ಲ ಸಿಸ್ಟಮ್‌ಗೆ ಹಾಕಿದ್ದರೆ ಅದೇ ಸ್ಟಾಕ್ ಎರಡು ಸಲ ಕಳೆಯುತ್ತಿತ್ತು, ಆ ಮೆಡಿಕಲ್ ಶಾಪ್‌ನವರ ಉದ್ರಿ ಎರಡು ಪಟ್ಟಾಗುತ್ತಿತ್ತು. ಗಿರಾಕಿ ಕೈಗೆ ಹೋದದ್ದು ಕೈಬಿಲ್, ಹಾಗಾಗಿ 18246ನ್ನು ರದ್ದು ಮಾಡಿಸಿದರು.

ಕೌಂಟರ್ ಶುರುವಾಯಿತು. ಮೊದಲ ಬಿಲ್ ನಂಬರ್ 18271.

ಅಕೌಂಟ್ಸ್‌ನವರ ಮುಖ ಬಿಳಿಚಿತು. "ಸರ್, ನಡುವಿನ 24 ಬಿಲ್ ಎಲ್ಲಿ ಹೋದವ್ರೀ?" ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ ಒಂದರ ಹಿಂದೊಂದು ಸಾಲಾಗಿ ಇರಬೇಕು, ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಎಲ್ಲಿಂದ ಎಲ್ಲಿಗೆ, ಎಷ್ಟು ರದ್ದು ಅಂತ ಬರೆಯಬೇಕು. ಅವರ ಭಯ ಸುಮ್ಮನೆ ಅಲ್ಲ.

ಆ 24 ಬಿಲ್‌ಗಳು ಹುಟ್ಟೇ ಇರಲಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಸಾಲು ನಂಬರ್ ಕೊಡುವ ಸೀಕ್ವೆನ್ಸ್ ಪ್ರತಿ ನಂಬರ್ ಕೊಟ್ಟಾಗಲೂ ವಾಲ್ ಬರೆಯುತ್ತಾ ಕೂರಲ್ಲ. ಮುಂದಿನ 32 ನಂಬರ್‌ಗಳನ್ನು ಕೊಟ್ಟಾಯಿತು ಅಂತ ಒಮ್ಮೆಗೇ ಬರೆದು, ಆಮೇಲೆ ಮೆಮೊರಿಯಿಂದ ಒಂದೊಂದೇ ಕೊಡುತ್ತದೆ. ನಡುವೆ ಬಿದ್ದರೆ, ಎದ್ದ ಮೇಲೆ ವಾಲ್‌ನಲ್ಲಿ ಬರೆದ ಆ ಕೊನೇ ನಂಬರಿನ ಮುಂದಿನಿಂದ ಶುರು. ಒಂದೇ ನಂಬರ್ ಎರಡು ಸಲ ಹೋಗಬಾರದು ಅನ್ನುವುದು ಅದರ ಕಾಳಜಿ, ನಡುವೆ ಖಾಲಿ ಬಿಟ್ಟರೆ ಅದಕ್ಕೆ ಬೇಜಾರಿಲ್ಲ. ಕಾನೂನಿನ ಪ್ರಕಾರ ಸಾಲಾಗಿ ಇರಬೇಕಾದ ನಂಬರ್‌ಗೆ ಸೀಕ್ವೆನ್ಸ್ ಬಳಸಲೇಬಾರದು. ಒಂದು ಪುಟ್ಟ ಟೇಬಲ್‌ನಲ್ಲಿ ಕೊನೇ ನಂಬರ್ ಇಟ್ಟು, ಬಿಲ್ ಸೇವ್ ಮಾಡುವ ಅದೇ ಟ್ರಾನ್ಸಾಕ್ಷನ್ ಒಳಗೆ ಅದನ್ನು ಲಾಕ್ ಮಾಡಿ ಏರಿಸಬೇಕು. ಸ್ವಲ್ಪ ನಿಧಾನ ಆಗುತ್ತೆ, ನಾಲ್ಕು ಕೌಂಟರ್‌ಗೆ ಅದು ಲೆಕ್ಕಕ್ಕಿಲ್ಲ. ಸಾಫ್ಟ್‌ವೇರ್ ಮಾಡಿಕೊಟ್ಟವರಿಗೆ ಬರೆದು ಕಳಿಸಿದೆವು. 18247ರಿಂದ 18270ರವರೆಗೆ ಯಾಕೆ ಇಲ್ಲ ಅಂತ ಒಂದು ಟಿಪ್ಪಣಿ ಬರೆದು, ಸರ್ವರ್ ಲಾಗ್‌ನ ಪ್ರಿಂಟ್ ಸೇರಿಸಿ ಆಡಿಟರ್ ಫೈಲ್‌ಗೆ ಹಾಕಿದರು.

ಆಮೇಲೆ

ಸ್ವಿಚ್ಚಿನವರು ಸಂಜೆ ಸಿಕ್ಕರು. ಜಂಬೋ ಫ್ರೇಮ್ ಮತ್ತೆ ಹಾಕಲೇ ಅಂದರು, ಬೇಡ ಅಂದೆವು. ಈ ಮಳಿಗೆಯ ಕೆಲಸಕ್ಕೆ 1500 ಸಾಕು, ಅದರಿಂದ ಬಂದ ವೇಗವನ್ನು ಯಾರೂ ಕಂಡವರಿಲ್ಲ. ಈಗಿರುವ ಕಾನ್ಫಿಗ್ಗನ್ನೇ ಸೇವ್ ಮಾಡಿ, ಒಮ್ಮೆ ಎಲ್ಲ ನಿಲ್ಲಿಸಿಕೊಂಡು ಸ್ವಿಚ್ ಆಫ್ ಮಾಡಿ ಆನ್ ಮಾಡಿ ನೋಡಲಾಯಿತು. ಪೆಟ್ಟಿಗೆ ಕಡೆಯೂ 1500ಕ್ಕೆ ಇಳಿಯಿತು. ಸ್ವಿಚ್ಚಿನ ಪ್ಲಗ್ ಸರ್ವರ್‌ನ ಬೋರ್ಡ್‌ಗೆ ಬಂತು. ಮೌಂಟ್ ಪಾಯಿಂಟ್ ರೂಟ್ ಒಡೆತನಕ್ಕೆ ಹೋಯಿತು, ಡೇಟಾ ಅದರೊಳಗಿನ ಡೈರೆಕ್ಟರಿಗೆ.

120 ಸೆಕೆಂಡಿನ ಕಾಯುವಿಕೆಯನ್ನು ಏರಿಸಬೇಕಾ ಅಂತ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಒಂದೇ ದಾರಿ ಇರುವ ಇಂಥ ಕಡೆ ಏರಿಸಿದರೆ, ಸ್ವಿಚ್ ಬೂಟ್ ಆಗುವಷ್ಟು ಹೊತ್ತು ಪೋಸ್ಟ್‌ಗ್ರೆಸ್ ಬೀಳದೆ ಸುಮ್ಮನೆ ನಿಂತಿದ್ದು, ಲಿಂಕ್ ಬಂದ ಮೇಲೆ ಅಲ್ಲಿಂದಲೇ ಮುಂದುವರಿಯಬಹುದು. ಹತ್ತು ನಿಮಿಷಕ್ಕೆ ಏರಿಸಿದೆವು. ಅಷ್ಟು ಹೊತ್ತು ಕೌಂಟರ್ ನಿಂತೇ ಇರುತ್ತೆ, ಅದಕ್ಕೆ ಮಾಲೀಕರು ಒಪ್ಪಿದರು.

ನನ್ನ ದೊಡ್ಡ ಸಲಹೆ ಬೇರೆ ಇತ್ತು. 60 ಜಿಬಿ ಡೇಟಾಕ್ಕೆ, ಒಂದೇ ಸರ್ವರ್‌ಗೆ, ಒಂದೇ ಸ್ವಿಚ್ ದಾಟಿ ಹೋಗುವ ಸ್ಟೋರೇಜ್ ಬೇಕಾಗಿಯೇ ಇರಲಿಲ್ಲ. ನೆಟ್‌ವರ್ಕ್ ಸ್ಟೋರೇಜ್ ಬೇಕು ಅಂದರೆ ಎರಡು ಸ್ವಿಚ್, ಎರಡು ದಾರಿ, ಒಂದು ಹೋದರೆ ಇನ್ನೊಂದನ್ನು ಬಳಸುವ ಮಲ್ಟಿಪಾತ್ ಇರಬೇಕು. ಅಷ್ಟು ಖರ್ಚು ಬೇಡ ಅಂದರೆ ಡೇಟಾ ಸರ್ವರ್ ಒಳಗಿನ ಎಸ್‌ಎಸ್‌ಡಿ ಜೋಡಿಯ ಮೇಲಿರಲಿ, ಸ್ಟೋರ್ ರೂಮಿನ ಹಳೇ ಸರ್ವರ್‌ನಲ್ಲಿ ಸ್ಟ್ರೀಮಿಂಗ್ ರೆಪ್ಲಿಕಾ (ಬದಲಾವಣೆ ಆದಂತೆಲ್ಲ ಪಡೆದುಕೊಳ್ಳುವ ಇನ್ನೊಂದು ಪ್ರತಿ) ಓಡಲಿ. ಅದೇ ಡಿಸ್ಕ್ ಹಂಚಿಕೊಳ್ಳುವ ಅಪಾಯ ಇಲ್ಲ, ಅದರ ಪ್ರತಿ ಅದರದ್ದೇ. ಮಾಲೀಕರು ಲೆಕ್ಕ ಹಾಕಿ ಎರಡನೆಯದಕ್ಕೆ ಹೂಂ ಅಂದರು.

"ಹಂಗಾರ ಇಷ್ಟ್ ರೊಕ್ಕಾ ಕೊಟ್ಟು ಆ ಪೆಟಗಿ ಯಾಕ ತಗೊಂಡ್ವಿ ಸರ್?" ಅಂತ ಕೇಳಿದರು.

ಬ್ಯಾಕಪ್ ಇಡಲು ಅದು ಚೆನ್ನಾಗಿದೆ ಅಂದೆ. ಈಗ ಅದರಲ್ಲಿ ವಾಲ್ ಆರ್ಕೈವ್ ಮತ್ತು ವಾರಕ್ಕೊಂದು ಬೇಸ್ ಬ್ಯಾಕಪ್ ಇದೆ.